ಭಾನುವಾರ ಕಳಿಸಿದ ನಾಮಪತ್ರ

ಕಳೆದ ತಿಂಗಳು ನಮ್ಮ ಚರ್ಚಿನ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಊರಿನಿಂದ ಬಂದು ಎರಡು ವಾರವೂ ಆಗಿರಲಿಲ್ಲ, ಆಗಲೇ ಸೆಕ್ರೆಟರಿ ಕೆಲಸ ಸಿಕ್ಕಿತ್ತು. ಸಿಹಿಯ ಪೊಟ್ಟಣ ಕೈಗಿಟ್ಟು, "ಆಂಟಿ, ನೀವು ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವರು. ನಂಗೆ ಎಂತಾದ್ರೂ ಟಿಪ್ಸ್ ಕೊಡಿ" ಎಂದಳು. ಬಾಸಿನ ಹೆಂಡತಿಯ ಹುಟ್ಟುಹಬ್ಬ ಯಾವತ್ತೆಂದು ಮೊದಲು ಬರೆದಿಟ್ಟುಕೋ ಎಂದೆ. ಅವಳು ಮೊಬೈಲಿನಲ್ಲಿ ಬರೆದುಕೊಂಡಳು. ಸಲಹೆಯೇನೋ ಸರಿಯಾದದ್ದೇ. ಆದರೆ ಅವಳು ಹೋದ ಮೇಲೆ, ಇಷ್ಟು ವರ್ಷ ದುಡಿದವಳು ಕೊಟ್ಟದ್ದು ಇಷ್ಟೇನಾ ಎಂದು ನನಗೇ ನಾಚಿಕೆಯಾಯಿತು. ಹಾಗಾಗಿ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಬರೆಯಲು ಕೂತಿದ್ದೇನೆ.

ನನ್ನ ಬಡ್ತಿಗಳ ಕಥೆ ಹೇಳುವುದಿಲ್ಲ. ಟೈಪಿಸ್ಟ್ ಆಗಿ ಸೇರಿ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಆಗಿ ನಿವೃತ್ತಳಾದೆ. ನಡುವೆ ನಾಲ್ಕು ಸಲ ಬದಲಾದದ್ದು ವಿಸಿಟಿಂಗ್ ಕಾರ್ಡು ಮಾತ್ರ. ಬಂದವರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವವಳು ಮೊದಲ ದಿನವೂ ನಾನೇ, ಕೊನೆಯ ದಿನವೂ ನಾನೇ.

ಬಹ್ರೇನಿನ ಸನದ್‌ನಲ್ಲಿ ಇಂಗ್ಲಿಷರೊಬ್ಬರ ಎಂಜಿನಿಯರಿಂಗ್ ಕಂಪನಿ ನಮ್ಮದು. ಯಜಮಾನರು ಬ್ರಯಾನ್ ಸಾಹೇಬರು. ಎತ್ತರದ ಆಳು, ಬೇಸಿಗೆಯಲ್ಲೂ ಟೈ, ಕೋಪ ಬಂದರೆ ಕಿವಿ ಕೆಂಪಾಗುತ್ತಿತ್ತು. ನಾನು ಸೇರಿದಾಗ ಟೈಪ್‌ರೈಟರು, ನಾಲ್ಕು ಪ್ರತಿಗೆ ಮೂರು ಕಾರ್ಬನ್ ಹಾಳೆ. ಒಂದು ಅಕ್ಷರ ತಪ್ಪಿದರೆ ನಾಲ್ಕು ಕಡೆ ಬಿಳಿ ಬಣ್ಣ ಹಚ್ಚಿ ಊದುತ್ತಾ ಕೂರಬೇಕಿತ್ತು. ಆಮೇಲೆ ಫ್ಯಾಕ್ಸ್ ಬಂತು. ಆ ಕಾಗದವೋ, ಇಲ್ಲಿನ ಸೆಕೆಗೆ ಆರು ತಿಂಗಳಲ್ಲಿ ಅಕ್ಷರವೆಲ್ಲ ಮಾಯ. ಎಷ್ಟೋ ಒಪ್ಪಂದಗಳು ಹಾಗೆ ಬೆಳ್ಳಗಾಗಿ, ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ನೆನಪಿಟ್ಟುಕೊಂಡರು. ಕೊನೆಗೆ ಇಮೇಲ್. ಮೊದಲು ಒಂದು ಪತ್ರ ಬರೆಸಲು ಅರ್ಧ ದಿನ ಯೋಚಿಸುತ್ತಿದ್ದ ಸಾಹೇಬರುಗಳು ಈಗ ಕಳಿಸಿದ ಮೇಲೆ ಯೋಚಿಸಲು ಶುರುಮಾಡಿದರು.

ನನ್ನ ಮೊದಲ ದೊಡ್ಡ ತಪ್ಪು ಚುರುಕುತನದ್ದು. ಸೇರಿ ಮೂರು ತಿಂಗಳಾಗಿತ್ತು. ಸಿಮೆಂಟ್ ಕೆಲಸದ ಗುತ್ತಿಗೆದಾರರೊಬ್ಬರ ಮೇಲೆ ಸಾಹೇಬರಿಗೆ ಸಿಟ್ಟು ಬಂದು ಪತ್ರವೊಂದನ್ನು ಹೇಳಿ ಬರೆಸಿದರು. ಅದರಲ್ಲಿ ಆ ಮನುಷ್ಯನ ಕೆಲಸ, ಬುದ್ಧಿ, ವಂಶ ಎಲ್ಲದರ ವಿಮರ್ಶೆ ಇತ್ತು. ನಾನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿ, ಸಹಿ ಹಾಕಿಸಿ, ಮಧ್ಯಾಹ್ನದೊಳಗೆ ಕಳಿಸಿಬಿಟ್ಟೆ. ಸಂಜೆ ಶಹಬ್ಬಾಸ್ ಹೇಳಿಸಿಕೊಳ್ಳುವ ಆಸೆ. ಮರುದಿನ ಬೆಳಗ್ಗೆ ಸಾಹೇಬರು ಶಾಂತವಾಗಿ ಬಂದು, "ಆ ಪತ್ರ ಎಲ್ಲಿ? ಸ್ವಲ್ಪ ಮೆತ್ತಗೆ ಮಾಡೋಣ" ಎಂದರು. ಕಳಿಸಿಯಾಯಿತು ಎಂದೆ. ಅವರ ಕಿವಿ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.

ಅವತ್ತಿನಿಂದ ಎಡಗಡೆಯ ಡ್ರಾಯರನ್ನು ಸಿಟ್ಟಿನ ಪತ್ರಗಳಿಗೆಂದೇ ಖಾಲಿ ಮಾಡಿಟ್ಟೆ. ಅವು ಅಲ್ಲಿ ಒಂದು ರಾತ್ರಿ ಮಲಗಬೇಕು, ಕೆಲವು ಒಂದು ವಾರ. ಹತ್ತರಲ್ಲಿ ಎಂಟು ಪತ್ರಗಳನ್ನು ಯಾರೂ ಮತ್ತೆ ಕೇಳಲಿಲ್ಲ. ಸಾಹೇಬರು ಬರಬರುತ್ತಾ ಇದನ್ನು ಅರ್ಥ ಮಾಡಿಕೊಂಡರು, ಬಾಯಿಬಿಟ್ಟು ಎಂದೂ ಹೇಳಲಿಲ್ಲ. "ಲೀನಾ, ಇದು ಭಾನುವಾರ ಹೋಗಲಿ" ಎಂದರೆ, ಹೋಗದಿದ್ದರೂ ಚಿಂತೆಯಿಲ್ಲ ಎಂದರ್ಥ. ಏನನ್ನು ಯಾವಾಗ ಕಳಿಸಬಾರದು ಎಂದು ತಿಳಿದವಳು ಒಳ್ಳೆಯ ಸೆಕ್ರೆಟರಿ ಎಂದು ನಾನು ನಂಬಿದ್ದೆ, ಹೊಸಬರಿಗೆ ಜಂಬದಿಂದ ಹೇಳಿಕೊಟ್ಟೂ ಇದ್ದೆ.

ಇನ್ನು ರಾಜಕೀಯದ ವಿಷಯಕ್ಕೆ ಬರುತ್ತೇನೆ. ಬಹ್ರೇನಿನಲ್ಲಿ ಕೂತ ಮಂಗಳೂರಿನ ಹೆಂಗಸಿಗೆ ಬ್ರಿಟನ್ನಿನ ಉಪಚುನಾವಣೆಯ ಜೊತೆ ಏನು ನಂಟು ಎಂದು ನೀವು ಕೇಳಬಹುದು. ನಂಟು ಬಂದದ್ದು ಸಮೋಸದ ಮೂಲಕ.

ಉತ್ತರ ಇಂಗ್ಲೆಂಡಿನಲ್ಲಿ ಕಡಲ ಬದಿಯ ಒಂದು ಪಟ್ಟಣ. ಅಲ್ಲಿ ಹಡಗು ಕಟ್ಟುವ ಕೆಲಸ ನಿಂತಾಗ ಕೆಲವರು ಹಡಗು ರಿಪೇರಿಗೆಂದು ಬಹ್ರೇನಿಗೆ ಬಂದರು. ಬರುವಾಗ ತಮ್ಮ ರಾಜಕೀಯ ಪಕ್ಷವನ್ನೂ ಹೊತ್ತು ತಂದು ಇಲ್ಲೊಂದು ಶಾಖೆ ತೆರೆದರು. ಯಾವ ಪಕ್ಷ ಎಂದು ಕೇಳಬೇಡಿ. ಅಲ್ಲಿರುವ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಕ್ಕೆ ಹೊಂದಿಸಿದರೂ ಈ ಕಥೆ ಸರಿಹೋಗುತ್ತದೆ. ಆ ಪಟ್ಟಣದ ಪಕ್ಷಕ್ಕೆ ಊರಲ್ಲಿ ಒಂಬತ್ತು ಶಾಖೆ, ಹತ್ತನೆಯದು ನಮ್ಮದು. ಸದಸ್ಯರು ಹನ್ನೊಂದು ಜನ. ಅಧ್ಯಕ್ಷರು ಬ್ರಯಾನ್ ಸಾಹೇಬರಾದ್ದರಿಂದ ಸಭೆ ನಮ್ಮ ಆಫೀಸಿನಲ್ಲಿ. ಸಭೆ ನಮ್ಮ ಆಫೀಸಿನಲ್ಲಾದ್ದರಿಂದ ಮಿನಿಟ್ಸ್ ಬರೆಯುವವಳು, ಇಮೇಲ್ ನೋಡುವವಳು, ಸಮೋಸ ತರಿಸುವವಳು ನಾನು. ನಾನು ಸದಸ್ಯಳಲ್ಲ, ಬ್ರಿಟಿಷಳೂ ಅಲ್ಲ. ಓವರ್‌ಟೈಮ್ ಅಂತೂ ಇಲ್ಲವೇ ಇಲ್ಲ. ಪ್ರಜಾಪ್ರಭುತ್ವಕ್ಕೆ ಓವರ್‌ಟೈಮ್ ಕೇಳುವುದು ಶೋಭೆಯಲ್ಲವಂತೆ.

ಸಮೋಸ ತರುತ್ತಿದ್ದವರು ಹಮೀದಾಕ. ಉಳ್ಳಾಲದವರು, ನಮ್ಮ ಕಂಪನಿಯ ಮಂದೂಬ್, ಅಂದರೆ ವೀಸಾ, ಲೈಸೆನ್ಸು ಎಂದು ಸರ್ಕಾರಿ ಕಚೇರಿಗಳಿಗೆ ಓಡಾಡುವವರು. ನನ್ನನ್ನು ಕರೆಯುವುದು ಬಾಯಿ ಎಂದು, ನಮ್ಮ ಕೊಂಕಣಿಯಲ್ಲಿ ಅಕ್ಕ ಅಂದ ಹಾಗೆ. ಒಂದು ಸಲ ಬಾಗಿಲಲ್ಲಿ ನಿಂತು ಸಭೆಯನ್ನು ಸ್ವಲ್ಪ ಹೊತ್ತು ಕೇಳಿ, "ಎಂತ ಬಾಯಿ ಇದು? ಅಲ್ಲಿಯ ಬಸ್‌ಸ್ಟ್ಯಾಂಡಿಗೆ ಇಲ್ಲಿ ಜಗಳ ಮಾಡುದಾ?" ಎಂದರು. ಹೌದು, ಆವತ್ತು ಆ ಪಟ್ಟಣದ ಬಸ್‌ಸ್ಟ್ಯಾಂಡಿನ ಬಗ್ಗೆಯೇ ಎರಡು ಗಂಟೆ ಚರ್ಚೆಯಾಗಿತ್ತು. ಹನ್ನೊಂದು ಜನರಲ್ಲಿ ಆ ಬಸ್‌ಸ್ಟ್ಯಾಂಡಿನಲ್ಲಿ ಇತ್ತೀಚೆಗೆ ಬಸ್ಸಿಗೆ ಕಾದವರು ಒಬ್ಬರೇ.

ಆ ಒಬ್ಬಳು ಗ್ರೇಸ್. ಮೂಲ ಉಡುಪಿ ಕಡೆಯವಳು. ನರ್ಸ್ ಆಗಿ ಆ ಪಟ್ಟಣಕ್ಕೆ ಹೋಗಿ, ಅಲ್ಲಿನ ಹೆರಿಗೆ ವಾರ್ಡಿನಲ್ಲಿ ಹದಿನಾರು ವರ್ಷ ದುಡಿದು, ಬ್ರಿಟಿಷ್ ಪಾಸ್‌ಪೋರ್ಟ್ ಪಡೆದವಳು. ಗಂಡನಿಗೆ ಇಲ್ಲಿ ಕೆಲಸವಾದ್ದರಿಂದ ಬಹ್ರೇನಿಗೆ ಬಂದು ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್ ಆದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಅವಳೂ ನನ್ನನ್ನು ಬಾಯಿ ಎಂದೇ ಕರೆಯುವುದು. ನಾನೂ ಅವಳೂ ಮಾತಾಡುವುದು ಕೊಂಕಣಿಯಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಭೆ ಮುಗಿದ ಮೇಲೆ ಅವಳನ್ನು ಡ್ಯೂಟಿಗೆ ಬಿಡುವುದು ನನ್ನ ಕಾರಿನಲ್ಲಿ. ಸದಸ್ಯಳಾಗಿದ್ದರೂ ಸಭೆಯಲ್ಲಿ ಕೇಕು ಕತ್ತರಿಸುವ ಕೆಲಸ ಅವಳ ಪಾಲಿಗೆ ತಾನಾಗಿ ಬಂದುಬಿಟ್ಟಿತ್ತು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎಂದಿರಲೂ ಇಲ್ಲ.

ಶಾಖೆಯಲ್ಲಿ ಎರಡು ಬಣ. ಒಂದು ಬ್ರಯಾನ್ ಸಾಹೇಬರದ್ದು. ಇನ್ನೊಂದು ಡೆರೆಕ್ ಎಂಬವರದ್ದು, ಹಡಗುಕಟ್ಟೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ತಾತ್ವಿಕ ಭಿನ್ನಾಭಿಪ್ರಾಯ ಎಂದು ಇಬ್ಬರೂ ಹೇಳಿಕೊಳ್ಳುತ್ತಿದ್ದರು. ತತ್ವ ಏನೆಂದರೆ, ಬಹಳ ವರ್ಷಗಳ ಹಿಂದೆ ಒಂದು ಕ್ರಿಸ್ಮಸ್ ಊಟದಲ್ಲಿ ಬ್ರಯಾನ್ ಸಾಹೇಬರು ಡೆರೆಕ್‌ಗೆ ಮೀಸಲಿಟ್ಟಿದ್ದ ಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಇಬ್ಬರೂ ನೇರವಾಗಿ ಮಾತಾಡಿದ್ದೇ ಇಲ್ಲ. ಎದುರುಬದುರು ಕೂತು, "ಅಧ್ಯಕ್ಷರ ಮೇಲೆ ಅಪಾರ ಗೌರವವಿಟ್ಟುಕೊಂಡೇ ಹೇಳುತ್ತೇನೆ" ಎಂದು ಡೆರೆಕ್ ನನ್ನ ಕಡೆ ನೋಡಿ ಹೇಳುತ್ತಿದ್ದರು. ಇಂಗ್ಲಿಷರು ಅಪಾರ ಗೌರವ ಎಂದು ಬಾಯಿ ತೆರೆದರೆ ಮುಂದೆ ಬೈಗುಳ ಬರುತ್ತದೆ ಎಂದು ತಿಳಿದುಕೊಳ್ಳಿ. ನಮ್ಮೂರಿನವರು ಪಾಪ, ನೇರವಾಗಿ ಬೈದುಬಿಡುತ್ತಾರೆ.

ಹೀಗಿರುವಾಗ ಆ ಪಟ್ಟಣದ ಸಂಸದರು ರಾಜೀನಾಮೆ ಕೊಟ್ಟರು, ಕುಟುಂಬದ ಜೊತೆ ಹೆಚ್ಚು ಕಾಲ ಕಳೆಯಲು ಎಂದು ಹೇಳಿ. ಯಾವ ಕುಟುಂಬ ಎಂಬುದೇ ಅಲ್ಲಿ ಗಲಾಟೆಯಾಗಿತ್ತು ಎಂದು ಡೆರೆಕ್ ಆಮೇಲೆ ನಗುತ್ತಾ ಹೇಳಿದರು. ಉಪಚುನಾವಣೆ ಘೋಷಣೆಯಾಯಿತು, ಪಕ್ಷಕ್ಕೆ ಅಭ್ಯರ್ಥಿ ಬೇಕಾಯಿತು.

ನಿಯಮ ಹೀಗಿತ್ತು. ಹತ್ತು ಶಾಖೆಗಳಲ್ಲಿ ಕನಿಷ್ಠ ಮೂರು ಶಾಖೆಗಳು ಒಬ್ಬರ ಹೆಸರನ್ನು ಸೂಚಿಸಿದರೆ ಆ ಹೆಸರು ಅಂತಿಮ ಪಟ್ಟಿಗೆ ಹೋಗುತ್ತದೆ. ಆಮೇಲೆ ಪಟ್ಟಣದ ಸದಸ್ಯರೆಲ್ಲ ಸಭೆ ಸೇರಿ, ಪಟ್ಟಿಯಲ್ಲಿರುವವರ ಮಾತು ಕೇಳಿ, ಒಬ್ಬರನ್ನು ಆರಿಸುತ್ತಾರೆ.

ಮೊದಲ ಸಭೆಯಲ್ಲಿ ಬ್ರಯಾನ್ ಸಾಹೇಬರು ಎದ್ದು ನಿಂತರು. ತಮಗೆ ಯಾವ ಮಹತ್ವಾಕಾಂಕ್ಷೆಯೂ ಇಲ್ಲ, ಆದರೆ ಸದಸ್ಯರು ಒತ್ತಾಯಿಸಿದರೆ ಕರ್ತವ್ಯದಿಂದ ಹಿಂದೆ ಸರಿಯುವವರಲ್ಲ ಎಂದರು. ಯಾರೂ ಒತ್ತಾಯಿಸಲಿಲ್ಲ. ಒಬ್ಬರು ಸಮೋಸಕ್ಕೆ ಚಟ್ನಿ ಇದೆಯೇ ಎಂದು ಕೇಳಿದರು. ಮರುದಿನ ಸಾಹೇಬರು ನನ್ನನ್ನು ಕರೆದು, "ಸದಸ್ಯರು ಅಧ್ಯಕ್ಷರನ್ನು ಒತ್ತಾಯಿಸಿದರು ಎಂದು ಮಿನಿಟ್ಸ್‌ನಲ್ಲಿ ಹಾಕು" ಎಂದರು. ಹಾಕಿದೆ. ಡೆರೆಕ್ ಓದಿ, ಒತ್ತಾಯಿಸಿದರು ಎಂಬುದನ್ನು ತೆಗೆದು ಕೇಳಿಸಿಕೊಂಡರು ಎಂದು ಮಾಡಬೇಕೆಂದು ಬರೆದರು. ಮೂರು ದಿನ ಈ ಒಂದು ಕ್ರಿಯಾಪದ ನನ್ನ ಮೇಜಿನ ಮೇಲೆ ಹೋಗಿ ಬಂದು ಮಾಡಿತು. ಕೊನೆಗೆ, ಅಧ್ಯಕ್ಷರು ಮಾತಾಡಿದರು, ನಂತರ ಚಹಾ ಕೊಡಲಾಯಿತು ಎಂದು ನಾನೇ ಬರೆದೆ. ಇಬ್ಬರೂ ಸಹಿ ಹಾಕಿದರು.

ಸಾಹೇಬರು ಆ ಪಟ್ಟಣಕ್ಕೆ ಕೊನೆಯ ಸಲ ಹೋದದ್ದು ತಾಯಿ ತೀರಿಕೊಂಡಾಗ, ಅದೂ ಸಂಜೆಯ ರೈಲಿಗೆ ವಾಪಸು. ಈಗ ನೋಡಿದರೆ ಮೇಜಿನ ಮೇಲೆ ಆ ಪಟ್ಟಣದ ದೊಡ್ಡ ನಕ್ಷೆ. ರಸ್ತೆಗಳ ಹೆಸರನ್ನು ನನ್ನಿಂದ ಕೇಳಿಸಿಕೊಂಡು ಬಾಯಿಪಾಠ ಮಾಡುತ್ತಿದ್ದರು. ನಾನು ನೋಡದ ಊರಿನ ಮೀನುಮಾರುಕಟ್ಟೆಯಿಂದ ಗ್ರಂಥಾಲಯಕ್ಕೆ ಹೋಗುವ ದಾರಿ ನನಗೆ ಇವತ್ತಿಗೂ ಗೊತ್ತು.

ಎರಡನೇ ಸಭೆಯಲ್ಲಿ ಡೆರೆಕ್ ತಮ್ಮ ಬಾಣ ಬಿಟ್ಟರು. "ಅಪಾರ ಗೌರವವಿಟ್ಟುಕೊಂಡೇ, ನಾನು ಗ್ರೇಸ್ ಅವರ ಹೆಸರು ಸೂಚಿಸುತ್ತೇನೆ" ಎಂದರು. ಕೇಕು ಕತ್ತರಿಸುತ್ತಿದ್ದ ಗ್ರೇಸ್ ತಲೆ ಎತ್ತಿದಳು. ಡೆರೆಕ್‌ಗೆ ಗ್ರೇಸಿನ ಮೇಲೆ ಭಾರಿ ಅಭಿಮಾನವೇನೂ ಇರಲಿಲ್ಲ. ಆ ಹೊತ್ತಿಗೆ ಗೋಡೆ ಗಡಿಯಾರವನ್ನು ಅಭ್ಯರ್ಥಿ ಮಾಡಿದರೆ ಬ್ರಯಾನ್‌ಗೆ ಹೆಚ್ಚು ನೋವಾಗುತ್ತದೆ ಎಂದಿದ್ದರೆ ಗಡಿಯಾರದ ಹೆಸರನ್ನೇ ಸೂಚಿಸುತ್ತಿದ್ದರು. ಆದರೆ ಅವರ ಕೈಯಲ್ಲೊಂದು ಸುದ್ದಿಯಿತ್ತು. ಗ್ರೇಸಿನ ಜೊತೆ ದುಡಿದ ನರ್ಸುಗಳು ಪಟ್ಟಣದ ಎರಡು ಶಾಖೆಗಳಲ್ಲಿ ಆಗಲೇ ಅವಳ ಹೆಸರು ಪಾಸು ಮಾಡಿಸಿದ್ದರು. ಇನ್ನೊಂದು ಶಾಖೆ ಸಿಕ್ಕರೆ ಅವಳು ಪಟ್ಟಿಗೆ ಹೋಗುತ್ತಾಳೆ. ಅಲ್ಲಿನ ಉಳಿದ ಶಾಖೆಗಳು ತಮ್ಮ ತಮ್ಮವರನ್ನು ಹಿಡಿದುಕೊಂಡಿದ್ದವು. ಉಳಿದದ್ದು ನಮ್ಮದೊಂದೇ.

"ನೀವು ನಿಲ್ಲಲು ಸಿದ್ಧರಿದ್ದೀರಾ?" ಎಂದು ಬ್ರಯಾನ್ ಸಾಹೇಬರು ಕೇಳಿದರು, ಇಲ್ಲ ಎನ್ನುತ್ತಾಳೆಂಬ ಧೈರ್ಯದಲ್ಲಿ.

ಗ್ರೇಸ್ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡಳು. ಆಮೇಲೆ ಮಾತಾಡಿದಳು, ಐದು ನಿಮಿಷವೂ ಇಲ್ಲ. ತಾನು ದುಡಿದ ಹೆರಿಗೆ ವಾರ್ಡನ್ನು ಮುಚ್ಚಲು ಹೊರಟಿದ್ದಾರೆ. ಮುಚ್ಚಿದರೆ ಬಸುರಿಯರು ಒಂದು ಗಂಟೆ ದೂರದ ಆಸ್ಪತ್ರೆಗೆ ಹೋಗಬೇಕು. ಒಂದು ಚಳಿಗಾಲದಲ್ಲಿ ಹಿಮಕ್ಕೆ ರಸ್ತೆ ಮುಚ್ಚಿದ್ದಾಗ ಆ ವಾರ್ಡು ಇದ್ದುದರಿಂದ ಬದುಕಿದ ಒಬ್ಬಳು ಹೆಂಗಸು, ಅವಳ ಮಗು, ಇಬ್ಬರ ಹೆಸರನ್ನೂ ಹೇಳಿದಳು. "ಆ ಮಗುವಿಗೆ ಈಗ ಹತ್ತು ವರ್ಷ. ನನಗೆ ಪ್ರತಿ ಕ್ರಿಸ್ಮಸಿಗೆ ಕಾರ್ಡು ಬರುತ್ತದೆ. ನಾನು ಭಾಷಣ ಮಾಡುವವಳಲ್ಲ. ಆದರೆ ಆ ವಾರ್ಡಿನ ಬಗ್ಗೆ ಯಾರ ಎದುರು ಬೇಕಾದರೂ ನಿಂತು ಮಾತಾಡುತ್ತೇನೆ. ಗೆದ್ದರೆ ವಾಪಸು ಹೋಗುತ್ತೇನೆ, ಗಂಡ ಒಪ್ಪಿದ್ದಾರೆ" ಎಂದಳು. ಎಷ್ಟೋ ವರ್ಷಗಳಲ್ಲಿ ಆ ಕೋಣೆಯಲ್ಲಿ ಯಾರಾದರೂ ಒಂದು ನಿಜವಾದ ವಿಷಯ ಹೇಳಿದ್ದು ಅದೇ ಮೊದಲು. ನಾನು ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದೆ.

ಮುಂದಿನ ವಾರವಿಡೀ ಮಜವೋ ಮಜ. ಬ್ರಯಾನ್ ಸಾಹೇಬರ ಬಣ, ಅಭ್ಯರ್ಥಿ ಸ್ಥಳೀಯರಾಗಿರಬೇಕು ಎಂಬ ತತ್ವ ಹಿಡಿಯಿತು. ಸ್ಥಳೀಯ ಎಂದರೆ ಅಲ್ಲಿ ಹುಟ್ಟಿದವರಂತೆ, ಬಿಟ್ಟು ಬಂದು ಮೂವತ್ತು ವರ್ಷವಾಗಿದ್ದರೂ ಪರವಾಗಿಲ್ಲ. ಡೆರೆಕ್ ಬಣ, ಮಹಿಳೆಯರಿಗೆ ಅವಕಾಶ ಎಂಬ ತತ್ವ ಹಿಡಿಯಿತು. ಡೆರೆಕ್ ತಮ್ಮ ಹೆಂಡತಿಯನ್ನು ಸದಸ್ಯೆಯಾಗಲು ಬಿಟ್ಟಿರಲಿಲ್ಲ ಎಂಬುದನ್ನು ನಾನು ಮಿನಿಟ್ಸ್‌ನಲ್ಲಿ ಬರೆಯಲಿಲ್ಲ. ಎರಡೂ ಬಣದವರು ಒಬ್ಬೊಬ್ಬರಾಗಿ ನನ್ನ ಮೇಜಿನ ಬಳಿ ಬಂದು, ಇನ್ನೊಬ್ಬರು ಯಾರ ಕಡೆ ಎಂದು ಕೇಳುತ್ತಿದ್ದರು. ಚಹಾಕ್ಕೆ ಸಕ್ಕರೆ ಎಷ್ಟು ಎಂದು ನಾನು ಕೇಳುತ್ತಿದ್ದೆ.

"ಬಾಯಿ, ಗ್ರೇಸ್ ಸಿಸ್ಟರ್ ಗೆದ್ರೆ ಲಂಡನ್ನಿನಲ್ಲಿ ನಮ್ಮದೂ ಒಂದು ಜನ ಆಯ್ತಲ್ಲ!" ಎಂದು ಹಮೀದಾಕ ಸಂಭ್ರಮಪಟ್ಟರು. "ನಮ್ಮ ಮಸೀದಿಯಲ್ಲಿ ಹೇಳಿಬಿಟ್ಟೆ ನಾನು."

"ಇನ್ನೂ ಎಂತ ಆಗಿಲ್ಲ ಹಮೀದಾಕ, ಸುಮ್ಮನಿರಿ" ಎಂದೆ. ಸ್ವಲ್ಪ ಗಡುಸಾಗಿಯೇ ಹೇಳಿದೆ ಎಂದು ಈಗ ನೆನಪಾಗುತ್ತದೆ.

ಬುಧವಾರ ಸಂಜೆ ಮತದಾನ. ಗುಪ್ತ ಮತ. ಹನ್ನೊಂದು ಚೀಟಿ, ಎಣಿಸುವವಳು ನಾನು, ಯಾವ ಬಣಕ್ಕೂ ಸೇರದ ಏಕೈಕ ಪ್ರಾಣಿ ಎಂದು. ಬ್ರಯಾನ್ ಐದು, ಗ್ರೇಸ್ ಐದು. ಕೊನೆಯ ಚೀಟಿಯಲ್ಲಿ ಹಸಿರು ಶಾಯಿಯಲ್ಲಿ ಗ್ರೇಸ್ ಎಂದಿತ್ತು. ಇಡೀ ಬಹ್ರೇನಿನಲ್ಲಿ ಹಸಿರು ಶಾಯಿಯಲ್ಲಿ ಬರೆಯುತ್ತಿದ್ದ ಒಬ್ಬರನ್ನೇ ನಾನು ಬಲ್ಲೆ. ಅದು ಸಾಹೇಬರ ಹೆಂಡತಿ ಮಾರ್ಗರೆಟ್, ಹನ್ನೊಂದು ಸದಸ್ಯರಲ್ಲಿ ಅವರೂ ಒಬ್ಬರು. ಆ ಪಟ್ಟಣದ ಮಳೆಗೂ ಚಳಿಗೂ ವಾಪಸು ಹೋಗಿ, ಸಂಸದರ ಹೆಂಡತಿಯಾಗಿ, ತಾನೇ ಪಾತ್ರೆ ತೊಳೆಯುವ ಮನಸ್ಸು ಆ ಮಹಾತಾಯಿಗೆ ಇರಲಿಲ್ಲ. ನಾನು ಫಲಿತಾಂಶ ಓದಿ ಚೀಟಿಗಳನ್ನು ಹರಿದು ಹಾಕಿದೆ. ಮಾರ್ಗರೆಟ್ ಗಂಡನ ಕೈ ಹಿಡಿದು, "ಅಯ್ಯೋ, ಎಂಥಾ ಜನ!" ಎಂದರು. ಸಾಹೇಬರ ಕಿವಿ ಕೆಂಪಾಗಿತ್ತು.

ಗ್ರೇಸಿನ ಹೆಸರು ಸೂಚಿಸುವ ಫಾರ್ಮಿಗೆ, ನಮ್ಮ ಪತ್ರಿಕೆಗಳ ಭಾಷೆಯಲ್ಲಿ ನಾಮಪತ್ರಕ್ಕೆ, ಅಧ್ಯಕ್ಷರು ಅಲ್ಲೇ ಸಹಿ ಹಾಕಬೇಕಿತ್ತು. ಹಾಕಿದರು. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತು. ನಾನು ಸ್ಕ್ಯಾನ್ ಮಾಡಿಟ್ಟೆ. ಎಲ್ಲರೂ ಹೋದ ಮೇಲೆ ಅವರು ಕೋಟು ತೆಗೆದುಕೊಳ್ಳುತ್ತಾ, "ಲೀನಾ, ಅದು ಭಾನುವಾರ ಹೋಗಲಿ" ಎಂದರು.

ಗುರುವಾರ ಬೆಳಗ್ಗೆ ಶಾಖೆಯ ಇಮೇಲ್ ತೆರೆದೆ. ಅದನ್ನು ತೆರೆಯುತ್ತಿದ್ದವಳು ಈ ಲೋಕದಲ್ಲಿ ನಾನೊಬ್ಬಳೇ. ಪಟ್ಟಣದ ಕಾರ್ಯದರ್ಶಿಯಿಂದ ಎರಡು ಸಾಲು ಬಂದಿತ್ತು. ಎಲ್ಲ ಶಾಖೆಗಳ ಫಾರ್ಮುಗಳು ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ತಲುಪಬೇಕು, ತಡವಾದವನ್ನು ಪರಿಗಣಿಸುವುದಿಲ್ಲ. ಅಲ್ಲಿನ ಹನ್ನೆರಡು ನಮ್ಮ ಮೂರು ಗಂಟೆ. ಇಲ್ಲಿ ಶುಕ್ರವಾರ ರಜೆ. ಅಲ್ಲಿ ಕೂತವರಿಗೆ ಇದು ಹೊಳೆಯುವುದಿಲ್ಲ. ನಮ್ಮ ಹನ್ನೊಂದು ಮಂದಿ ಪ್ರಜಾಪ್ರಭುತ್ವವಾದಿಗಳು ಶುಕ್ರವಾರ ಮಧ್ಯಾಹ್ನ ಹೋಟೆಲುಗಳಲ್ಲಿ ಬ್ರಂಚ್ ಮುಗಿಸುವ ಹೊತ್ತು ಅದು, ಅವರಿಗೆ ಯಾವ ಗಡುವೂ ಹೊಳೆಯುವುದಿಲ್ಲ. ಸಾಹೇಬರು ಗುರುವಾರವೆಲ್ಲ ಸೈಟಿನಲ್ಲಿದ್ದರು. ಫೋನು ಮಾಡಬಹುದಿತ್ತು. ಫಾರ್ಮು ಲ್ಯಾಪ್‌ಟಾಪಿನಲ್ಲಿ ತಯಾರಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ತಂದೆ.

ಇಲ್ಲಿ ನಮಗೆ ಭಾನುವಾರದ ಪೂಜೆ ಶುಕ್ರವಾರವೇ. ಬೆಳಗ್ಗೆ ಚರ್ಚಿನಲ್ಲಿ ಗ್ರೇಸ್ ನನ್ನ ಹಿಂದಿನ ಬೆಂಚಿನಲ್ಲಿದ್ದಳು. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹಾರೈಸುವ ಹೊತ್ತಿಗೆ ಹಿಂದೆ ತಿರುಗಿ ಅವಳ ಕೈ ಹಿಡಿದೆ. ಹೊರಗೆ ಬಂದಾಗ ಓಡಿಬಂದು, "ಬಾಯಿ, ಕಳಿಸಿ ಆಯ್ತಾ?" ಎಂದು ಕೇಳಿದಳು.

"ಎಲ್ಲ ರೆಡಿ ಉಂಟು" ಎಂದೆ.

ಮೂವತ್ತು ವರ್ಷ ಸೆಕ್ರೆಟರಿಯಾದವಳಿಗೆ ಸುಳ್ಳು ಹೇಳದೆಯೇ ಸುಳ್ಳು ಹೇಳಲು ಬರುತ್ತದೆ. ಜಿಂಜ್ ಬಡಾವಣೆಯ ನಮ್ಮ ಮನೆಗೆ ಬಂದು ಮೀನು ತೊಳೆದೆ, ಸಾರು ಮಾಡಿದೆ, ಉಂಡೆ. ಗಂಡ ಮಲಗಿದರು. ನಾನೂ ಮಲಗಿದೆ, ನಿದ್ದೆ ಬರಲಿಲ್ಲ. ಎರಡೂ ಮುಕ್ಕಾಲಿಗೆ ಎದ್ದು ಬಟ್ಟೆ ಒಣಗಿಸಲು ಹೋದೆ. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೇ ಇತ್ತು. ಒಳಗೆ ಬಂದಾಗ ಮೂರೂ ಹತ್ತು.

ಭಾನುವಾರ ಬೆಳಗ್ಗೆ ಎಂಟಕ್ಕೆ, ಹೇಳಿದ ಹಾಗೆ, ಕಳಿಸಿದೆ. ಅಲ್ಲಿ ಭಾನುವಾರ ರಜೆ, ಆದರೂ ಚುನಾವಣೆಯ ಗಡಿಬಿಡಿಯಲ್ಲಿ ಮಧ್ಯಾಹ್ನದೊಳಗೆ ಉತ್ತರ ಬಂತು. ವಿಷಾದಿಸುತ್ತೇವೆ ಎಂದು.

ಮೂರನೇ ಸಭೆ ನೋಡಬೇಕಿತ್ತು ನೀವು. ಡೆರೆಕ್ ಇದು ಪಕ್ಷದ ಕೇಂದ್ರ ಕಚೇರಿಯ ಪಿತೂರಿ ಎಂದರು. ಬ್ರಯಾನ್ ಸಾಹೇಬರು, ವಿದೇಶದಲ್ಲಿರುವ ಸದಸ್ಯರಿಗೆ ಇದು ಅವಮಾನ ಎಂದರು. ಶುಕ್ರವಾರ ಗಡುವಿಟ್ಟ ಇಂಗ್ಲೆಂಡನ್ನು ಇಬ್ಬರೂ ಸೇರಿ ಖಂಡಿಸಿದರು, ಕ್ರಿಸ್ಮಸ್ ಕುರ್ಚಿಯ ನಂತರ ಮೊದಲ ಸಲ ನೇರವಾಗಿ ಮಾತಾಡಿದರು. ಖಂಡನಾ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಡೆರೆಕ್ ಬ್ರಯಾನ್ ಸಾಹೇಬರ ಬೆನ್ನು ತಟ್ಟಿದರು. ಗ್ರೇಸ್ ಕೇಕು ಕತ್ತರಿಸಿ ಎಲ್ಲರಿಗೂ ಕೊಟ್ಟಳು. ಕಾರಿನಲ್ಲಿ, "ಹೋಗ್ಲಿ ಬಿಡಿ ಬಾಯಿ, ನೀವು ಎಂತ ಮಾಡ್ತೀರಿ" ಎಂದು ನನಗೇ ಸಮಾಧಾನ ಹೇಳಿದಳು.

ಆ ವಾರದ ಕೊನೆಗೆ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಗಡುವು ಶುಕ್ರವಾರ ಎಂದು ನನಗೆ ಗೊತ್ತೇ ಇರಲಿಲ್ಲ" ಎಂದರು. ಆಮೇಲೆ ದೊಡ್ಡ ಖರ್ಜೂರದ ಪೆಟ್ಟಿಗೆ ಕೈಗಿಟ್ಟು, "ನಿನ್ನಂಥ ಸೆಕ್ರೆಟರಿ ನನಗೆ ಇನ್ನೊಬ್ಬಳು ಸಿಕ್ಕಿಲ್ಲ" ಎಂದರು. ಮರುದಿನ ಹಮೀದಾಕ ನನ್ನ ವೀಸಾ ಎರಡು ವರ್ಷಕ್ಕೆ ರಿನ್ಯೂ ಮಾಡಿಸಿ ತಂದರು. ಗ್ರೇಸ್ ಸಿಸ್ಟರ್ ಹೆಸರು ಪಟ್ಟಿಯಲ್ಲಿಲ್ಲ ಎಂದು ಹೇಳಿದಾಗ ಅವರ ಮುಖ ಬಾಡಿತು. ಮಸೀದಿಯಲ್ಲಿ ಹೇಳಿದ್ದೆನಲ್ಲ, ಈಗ ಹೇಗೆ ಮುಖ ತೋರಿಸುವುದು ಎಂದು ತಲೆ ಕೆರೆದುಕೊಂಡರು.

ಉಪಚುನಾವಣೆಯಲ್ಲಿ ಪಕ್ಷ ಒಬ್ಬ ಕೌನ್ಸಿಲರನ್ನು ನಿಲ್ಲಿಸಿತು. ಆತ ಗೆದ್ದ. ವಾರ್ಡಿನ ಬಗ್ಗೆ ಪರಿಶೀಲಿಸುತ್ತೇನೆ ಎಂದ. ಮರುವರ್ಷ ವಾರ್ಡು ಮುಚ್ಚಿತು.

ಇಷ್ಟು ಬರೆದು, ಕೊನೆಗೊಂದು ಪ್ಯಾರಾ ಸೇರಿಸಿದ್ದೆ. ಆ ತಿಂಗಳು ನನ್ನ ವೀಸಾ ಮುಗಿಯುವುದಿತ್ತು, ಸಾಹೇಬರ ಮಾತು ಮೀರಿದರೆ ಊರಿಗೆ ಹೋಗಬೇಕಿತ್ತು, ಮಗನ ಫೀಸು ಕಟ್ಟುವುದಿತ್ತು, ಕೆಲಸಕ್ಕೆ ಬರುವ ಹುಡುಗಿಯರೇ ನಿಮಗೂ ಇಂಥ ದಿನ ಬರುತ್ತದೆ, ಎಂದೆಲ್ಲ. ಓದಲು ಚೆನ್ನಾಗಿಯೂ ಇತ್ತು. ಆದರೆ ಗ್ರೇಸಿಗೆ ತೋರಿಸದೆ ಇದನ್ನು ಎಲ್ಲಿಗೂ ಕೊಡಲು ಮನಸ್ಸು ಬರಲಿಲ್ಲ. ಹೋದ ಶುಕ್ರವಾರ ಪೂಜೆ ಮುಗಿಸಿ ಊಟಕ್ಕೆ ಕರೆದೆ. ಊಟವಾದ ಮೇಲೆ ಹಾಳೆಗಳನ್ನು ಮುಂದಿಟ್ಟೆ.

ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಮಾರ್ಗರೆಟ್ಟಿನ ಹಸಿರು ಶಾಯಿಗೆ ನಕ್ಕಳು. ಆಮೇಲೆ ನಗಲಿಲ್ಲ. ಓದಿ ಮುಗಿಸಿ ಹಾಳೆಗಳನ್ನು ಸರಿಯಾಗಿ ಜೋಡಿಸಿದಳು.

"ಸಾಹೇಬರಿಗೆ ಶುಕ್ರವಾರದ ವಿಷಯ ಗೊತ್ತಿರ್ಲಿಲ್ಲ ಅಲ್ವಾ?"

"ಇಲ್ಲ."

"ನೀವು ಭಾನುವಾರದ ಬದಲು ಶುಕ್ರವಾರವೇ ಕಳಿಸಿದ್ದು ಅಂತ ಅವರಿಗೆ ಗೊತ್ತಾಗ್ತಿತ್ತಾ? ಆ ಇಮೇಲ್ ನೋಡುವವರು ನೀವೊಬ್ರೇ ಅಂತ ಬರ್ದಿದ್ದೀರಿ."

ನಾನು ಊಟದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟೆ.

"ಹಾಗಾದ್ರೆ ಇದ್ರಲ್ಲಿ ವೀಸಾದ ಮಾತು ಎಲ್ಲಿಂದ ಬಂತು ಬಾಯಿ?"

ಅವಳು ಹೋದ ಮೇಲೆ ವೀಸಾದ ಪ್ಯಾರಾವನ್ನು ಹೊಡೆದುಹಾಕಿ, ನಿಜವಾದದ್ದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆಯೇ ಊರಿನಿಂದ ಬಂದವಳು, ನನ್ನ ಕಾರಿನಲ್ಲಿ ನನ್ನ ಪಕ್ಕ ಕೂತು ಹೋಗುವವಳು, ಆ ಸಭೆಯಲ್ಲಿ ನನ್ನ ಹಾಗೆಯೇ ಕೇಕು ಹಂಚುವವಳು, ಒಂದು ದಿನ ಚಾಕು ಕೆಳಗಿಟ್ಟು ಎದ್ದು ನಿಂತಳು, ಎಲ್ಲರೂ ಬಾಯಿ ಮುಚ್ಚಿ ಕೇಳಿದರು. ನಾನು ಮಿನಿಟ್ಸ್ ಬರೆಯುತ್ತಾ ಕೂತಿದ್ದೆ. ನನಗದು ಸಹಿಸಲಾಗಲಿಲ್ಲ. ಅಷ್ಟೇ. ಸಾಹೇಬರ ಆಣತಿ ನನಗೆ ಸಿಕ್ಕ ನೆಪ. ಇಷ್ಟು ಹೊತ್ತು ನಾನು ಗೇಲಿ ಮಾಡಿದ ಉಳಿದ ಹತ್ತು ಜನ ಗ್ರೇಸಿಗೆ ಒಂದಿಷ್ಟೂ ಕೆಡುಕು ಮಾಡಿರಲಿಲ್ಲ. ಬೈದುಕೊಂಡು, ಜಗಳವಾಡಿ, ಕೊನೆಗೆ ಅವಳನ್ನೇ ಆರಿಸಿದ್ದರು.

ಆವತ್ತು ಊಟದ ಮೇಲೆ ಅವಳು ಡ್ಯೂಟಿಗೆ ಹೊರಟು ನಿಂತಾಗ ಎಂದಿನಂತೆ ಕಾರಿನ ಕೀ ತೆಗೆದುಕೊಂಡೆ. ಹೊರಗೆ ಉರಿಬಿಸಿಲು.

"ಬೇಡ ಬಾಯಿ" ಎಂದಳು, ಚಪ್ಪಲಿ ಹಾಕಿಕೊಳ್ಳುತ್ತಾ. "ಸಲ್ಮಾನಿಯಾ ಎಂತ ದೂರ, ನಡ್ಕೊಂಡೇ ಹೋಗ್ತೇನೆ."